ಗಿರಿಯಮ್ಮ ಕೇಳಿದ ಮೂರನೇ ಪಾಳಿ

ಗಿರಿಯಮ್ಮನ ಕಿವಿ ಕೆಟ್ಟಿದ್ದಕ್ಕೂ ಮಿಲ್ಲಿಗೂ ಸಂಬಂಧವಿಲ್ಲ ಎಂದು ಮಿಲ್ಲಿನ ಡಾಕ್ಟರು ಬರೆದ. "ವಯಸ್ಸಿನಿಂದ ಹೋಗಿರಬೇಕು, ಅಲ್ಲವಾ?" ಎಂದು ಅವನು ಕೇಳಿದಾಗ ಅವಳು ತಲೆಯಾಡಿಸಿದ್ದಳು. ಪ್ರಶ್ನೆ ಅವಳಿಗೆ ಕೇಳಿಸಿರಲಿಲ್ಲ. ಆಗ ಅವಳಿಗೆ ಮೂವತ್ತೆಂಟು ವರ್ಷ.

ಆಮೇಲೆ ದಾವಣಗೆರೆಯ ಆ ಬಟ್ಟೆ ಮಿಲ್ಲು ಮುಚ್ಚಿತು. ಮಗ್ಗದ ಶೆಡ್ಡು ಬಿದ್ದು ಅದರ ಮೇಲೆ ಬಡಾವಣೆ ಎದ್ದಿತು, ಚಿಮಣಿಯ ಇಟ್ಟಿಗೆ ಯಾರದೋ ಕಾಂಪೌಂಡಿಗೆ ಹೋಯಿತು. ತಲೆಯಾಡಿಸುವ ಅಭ್ಯಾಸ ಮಾತ್ರ ಗಿರಿಯಮ್ಮನ ಹತ್ತಿರ ಉಳಿಯಿತು. ಸರಸ್ವತಿ ನಗರದಲ್ಲಿ ಅವಳಷ್ಟು ಹೊಂದಿಕೊಂಡು ಹೋಗುವ ಅತ್ತೆ ಇನ್ನೊಬ್ಬಳಿಲ್ಲ ಎಂದು ಓಣಿಗೆ ಓಣಿಯೇ ಹೊಗಳುತ್ತಿತ್ತು. ಸೊಸೆ ಲಕ್ಷ್ಮೀದೇವಿ ಕೆಟ್ಟವಳೇನಲ್ಲ. ಅತ್ತೆಯನ್ನು ಒಂದು ಮಾತು ಕೇಳದೆ ಏನನ್ನೂ ಮಾಡುತ್ತಿರಲಿಲ್ಲ. ಅವಳು ಕೇಳುತ್ತಿದ್ದಳು, ಇವಳು ತಲೆಯಾಡಿಸುತ್ತಿದ್ದಳು, ಕೆಲಸ ನಡೆದುಹೋಗುತ್ತಿತ್ತು. ಹಾಗೆ ತಲೆಯಾಡಿಸಿಯೇ ಗಿರಿಯಮ್ಮ ಕಿಟಕಿ ಪಕ್ಕದ ತನ್ನ ಮಂಚದ ಜಾಗವನ್ನು ಫ್ರಿಜ್ಜಿಗೆ ಬಿಟ್ಟುಕೊಟ್ಟಿದ್ದಳು. ತನಗೆ ಸೇರದ ನುಗ್ಗೆಸೊಪ್ಪನ್ನು ವರ್ಷಗಟ್ಟಲೆ ತಿಂದಿದ್ದಳು. ಒಮ್ಮೆಯಂತೂ ಯಾರೋ ಬಂದು ಪಾರ್ಕಿಗೆ ಕರೆದೊಯ್ದು, ಚಾಪೆಯ ಮೇಲೆ ಮಲಗಿಸಿ, ಕಾಲೆತ್ತು ಎಂದು ಸನ್ನೆ ಮಾಡಿದ ಮೇಲೆಯೇ ತಾನು ಯೋಗ ಶಿಬಿರಕ್ಕೆ ಸೇರಿದ್ದೇನೆಂದು ಅವಳಿಗೆ ಗೊತ್ತಾದದ್ದು.

"ಇನ್ನೊಂದು ಸಲ ಹೇಳು" ಅನ್ನಬಹುದಿತ್ತು. ಆದರೆ ಎರಡು ಸಲ ಹೇಳಿಸಿದರೆ ಜನ ಮುಖ ಸಿಂಡರಿಸುತ್ತಾರೆ, ಮೂರನೇ ಸಲಕ್ಕೆ "ಹೋಗ್ಲಿ ಬಿಡು" ಅನ್ನುತ್ತಾರೆ. "ಹೋಗ್ಲಿ ಬಿಡು" ಅನ್ನುವಾಗ ತುಟಿ ಹೇಗೆ ಆಡುತ್ತದೆಂದು ಅವಳಿಗೆ ಬಾಯಿಪಾಠವಾಗಿತ್ತು. ಅದನ್ನು ನೋಡುವುದಕ್ಕಿಂತ ಕತ್ತು ಅಲ್ಲಾಡಿಸುವುದು ಸಲೀಸು.

ಹಾಗಂತ ಕಿವಿ ಪೂರಾ ಹೋಗಿರಲಿಲ್ಲ. ಮೇಲಿನ ದನಿಗಳೆಲ್ಲ ಹೋಗಿದ್ದವು, ಕೆಳಗಿನವು ಉಳಿದಿದ್ದವು. ಕುಕ್ಕರಿನ ಸೀಟಿ, ಬಳೆಯ ಸದ್ದು, ಕೋಗಿಲೆ, ಮೊಮ್ಮಗುವಿನ ಮಾತು, ರೇಡಿಯೋದ ಹಾಡು, ಇವೆಲ್ಲ ಗಾಜಿನಾಚೆ ನಡೆಯುವ ವ್ಯವಹಾರ. ಟ್ರಾಕ್ಟರು, ಹಿಟ್ಟಿನ ಗಿರಣಿ, ಶಾಮನೂರು ಕಡೆ ಹೋಗುವ ಬಸ್ಸಿನ ಎಂಜಿನ್ನು ಮಾತ್ರ ಅವಳೊಂದಿಗೆ ಮಾತು ಬಿಟ್ಟಿರಲಿಲ್ಲ. ಹಾಡು ಅನ್ನುವುದನ್ನು ಕೇಳಿ ಎಷ್ಟು ಕಾಲವಾಗಿತ್ತೋ, ಲೆಕ್ಕವಿಡುವುದನ್ನೂ ಬಿಟ್ಟಿದ್ದಳು.

ಅಂಥ ಗಿರಿಯಮ್ಮನಿಗೆ ಮಂಡಿಪೇಟೆಯ ಜನಜಂಗುಳಿಯಲ್ಲಿ ರಸ್ತೆಯ ಆಚೆಯಿಂದ ಒಬ್ಬ ಬಿಳಿಗಡ್ಡದ ಮುದುಕ ಕೈ ಬೀಸಿದ. ಜೊತೆಗೇ ದುಡಿದಿದ್ದ ಮಗ್ಗದ ಮಸ್ತಾನಸಾಬ್. ಬರೀ ಕೈ ಬೀಸಲಿಲ್ಲ, ಕೈಯಲ್ಲೇ ಮಾತಾಡಿದ. ಮಗ್ಗಗಳ ಗದ್ದಲದಲ್ಲಿ ಬಾಯಿಮಾತು ಕೇಳುತ್ತಿರಲಿಲ್ಲವಾದ್ದರಿಂದ ಮಿಲ್ಲಿನವರು ತಮ್ಮದೇ ಒಂದು ಕೈಮಾತು ಕಟ್ಟಿಕೊಂಡಿದ್ದರು. ಎರಡು ಮುಷ್ಟಿ ಕೂಡಿಸಿ ಬಿಚ್ಚಿದರೆ ದಾರ ಕಡಿಯಿತು, ನಿಲ್ಲಿಸು. ತೋರುಬೆರಳನ್ನು ಗಾಳಿಯಲ್ಲಿ ಸುತ್ತಿಸಿದರೆ ದಾರ ಕಡಿದಿಲ್ಲ, ಓಡಲಿ. ಮಣಿಕಟ್ಟು ತಟ್ಟಿ ಮೂಗು ಹಿಡಿದರೆ ಟೈಮ್‌ಕೀಪರ್ ನಾಗಭೂಷಣ್ ಬರುತ್ತಿದ್ದಾನೆ, ಹುಷಾರು. ಪಾಪ, ನಾಗಭೂಷಣ್ ಅದನ್ನು ನಮಸ್ಕಾರವೆಂದೇ ತಿಳಿದಿದ್ದ. ಎದುರು ಬಂದವರಿಗೆಲ್ಲ ತಾನೂ ಮಣಿಕಟ್ಟು ತಟ್ಟಿ ಮೂಗು ಹಿಡಿಯುತ್ತಿದ್ದ.

ಭಾನುವಾರ, ಬಾ, ಕಿವಿ, ಎಂದಿತು ಮಸ್ತಾನಸಾಬನ ಕೈ.

ಕಿವಿ ಡಾಕ್ಟರಾ? ಬ್ಯಾಡ, ಎಂದಿತು ಗಿರಿಯಮ್ಮನ ಕೈ. ಕೈಮಾತಿನಲ್ಲಿ ಅವಳು ಯಾವತ್ತೂ ಸುಮ್ಮನೆ ಒಪ್ಪಿದವಳಲ್ಲ.

ಮುದುಕ ರಸ್ತೆ ದಾಟಿ ಬಂದು ಕಿವಿಯ ಹತ್ತಿರ ಕೂಗಿದ. "ಡಾಕ್ಟ್ರಲ್ಲ ಗಿರಿಯಕ್ಕ! ನನ್ನ ಮೊಮ್ಮಗಳು ನುಜತ್ ಒಂದು ಹುಚ್ಚು ಕಟ್ಕಂಡಾಳೆ. ನೋಡಾಕ ಬರ್ರಿ. ಮಂಡಕ್ಕಿ ಮಿರ್ಚಿ ನಂದು!"

ಗಿರಿಯಮ್ಮನಿಗೆ ಕೇಳಿಸಿದ್ದು ಮಂಡಕ್ಕಿ ಮಿರ್ಚಿ ಅಷ್ಟೆ. ತಲೆಯಾಡಿಸಿದಳು.

ಆಜಾದ್ ನಗರದಲ್ಲಿ ಸ್ಪೀಕರು ಬಾಡಿಗೆಗೆ ಕೊಡುವ ಅಂಗಡಿ ನುಜತ್‌ಳದು. ಗಣಪತಿಗೂ ಅವಳದೇ ಸ್ಪೀಕರು, ಉರುಸಿಗೂ ಅವಳದೇ, ಎರಡೂ ಪಕ್ಷದ ಚುನಾವಣಾ ಭಾಷಣಕ್ಕೂ ಅವಳದೇ. ಸಂಜೆಯಾದರೆ ಆಕೆ ಹರಿಹರಕ್ಕೆ ಹೋಗಿ, ಲೇತ್ ಕೆಲಸ ಮಾಡುವ ಸಿದ್ದು ಎಂಬುವನ ಜೊತೆ 'ಮೂರನೇ ಪಾಳಿ' ಎಂಬ ಬ್ಯಾಂಡಿನಲ್ಲಿ ದಪ್ಪ ದನಿಯ ಬೇಸ್ ಗಿಟಾರು ಬಾರಿಸುತ್ತಿದ್ದಳು. ಈ ಬ್ಯಾಂಡಿಗೆ ಕೇಳುಗರೇ ಇರಲಿಲ್ಲ. ಮದುವೆಗೆ ಕರೆದರೆ ಓಡಿಸುತ್ತಿದ್ದರು, ಕಾಲೇಜಿಗೆ ಹೋದರೆ ಪ್ರಿನ್ಸಿಪಾಲರಿಗೆ ತಲೆನೋವು ಬರುತ್ತಿತ್ತು. ಆಕೆ ಬೆಳೆದದ್ದು ಓದುಗರ ಬಳಗವೊಂದರಲ್ಲಿ. ಭಾನುವಾರ ಕೆಲಸವಿಲ್ಲದ ಮಂಡಕ್ಕಿ ಭಟ್ಟಿಯೊಂದರಲ್ಲಿ ಸೇರಿ, ದುಂಡಗೆ ಕೂತು, ಓದಿದ ಪುಸ್ತಕದ ಬಗ್ಗೆ ಒಬ್ಬೊಬ್ಬರಾಗಿ ಮಾತಾಡುವ ಬಳಗ ಅದು. "ಒಂದಿಷ್ಟು ದಿನ ಪುಸ್ತಕ ಬಿಟ್ಟು ಇದನ್ನ ಕೇಳ್ರಿ" ಎಂದು ಆಕೆ ಹಟ ಹಿಡಿದಳು. ಅಲ್ಲಿಗೆ ಮಸ್ತಾನಸಾಬ್ ಮಿಲ್ಲಿನ ಹಳಬರನ್ನು ಗುಡ್ಡೆ ಹಾಕಿಕೊಂಡು ಬಂದ.

ಗಿರಿಯಮ್ಮನಿಗೆ ಸ್ಪೀಕರಿನ ಪಕ್ಕವೇ ಜಾಗ ಸಿಕ್ಕಿತು. ನುಜತ್ ನಡುವೆ ನಿಂತು ಗಟ್ಟಿಯಾಗಿ ಹೇಳಿದಳು. "ಇದಕ್ಕ ಡೂಮ್ ಮೆಟಲ್ ಅಂತಾರೆ. ಹೆವಿ ಮೆಟಲ್ ಅನ್ನೋ ಗದ್ದಲದ ಸಂಗೀತದಾಗ ಎಲ್ರಿಗಿಂತ ನಿಧಾನದ ಮಂದಿ ಇವರು. ಬೇರೆಯವರು ಓಡ್ತಾರೆ, ಇವರು ನಡೀತಾರೆ. ಒಂದು ತಂತಿ ಮೀಟಿ ಅದು ಸಾಯೋತನಕ ಕಾಯ್ತಾರೆ."

"ನಮ್ಮ ಕೋರ್ಟ್ ಇದ್ದಂಗೆ ಅನ್ನು" ಎಂದ ಬಳಗದ ವಕೀಲ ನಿಂಗಪ್ಪ.

"ಕೋರ್ಟಿನಾಗ ನೀವು ಸಾಯ್ತೀರಿ ಸಾರ್, ಇಲ್ಲಿ ಬರೀ ಸದ್ದು ಸಾಯುತ್ತೆ" ಎಂದು ನುಜತ್ ಟೇಪಿನ ಗುಂಡಿ ಒತ್ತಿದಳು.

ಶುರುವಾಯಿತು. ನೆಲದೊಳಗಿಂದ ಎದ್ದು ಬಂದಂತೆ ಒಂದು ಗುರುಗುಟ್ಟು. ಗಿರಿಯಮ್ಮ ಅಭ್ಯಾಸಬಲದಿಂದ ಅಂಗೈಯನ್ನು ಸ್ಪೀಕರಿನ ಮೇಲಿಟ್ಟಳು, ಮಿಲ್ಲಿನಲ್ಲಿ ಯಂತ್ರದ ಮೈ ಮುಟ್ಟಿ ನೋಡುತ್ತಿದ್ದ ಹಾಗೆ. ಗುರುಗುಟ್ಟು ಏರಿತು, ಜಗ್ಗಿತು, ಉಜ್ಜಿತು. ಈ ಸದ್ದು ಅವಳಿಗೆ ಗೊತ್ತು. ಬೇರಿಂಗ್ ಸವೆದು ಶಾಫ್ಟು ಹಿಡಿದುಕೊಳ್ಳುವ ಮುಂಚೆ ಬರುವ ಸದ್ದು ಇದು. ಇದಾದ ಮೇಲೆ ಬೆಲ್ಟು ಹರಿದು ಯಾರದಾದರೂ ಮೈಮೇಲೆ ಬರುತ್ತದೆ.

"ಬೇರಿಂಗ್ ಹೋತು! ಬಂದ್ ಮಾಡ್ರೋ!" ಎಂದು ಕೂಗಿದಳು.

ಮಿಲ್ಲಿನ ಅಷ್ಟೂ ಜನ ಒಟ್ಟಿಗೆ ಎದ್ದರು. ಒಬ್ಬ ಪಕ್ಕದವಳನ್ನು ಹಿಂದಕ್ಕೆ ಎಳೆದ, ಇನ್ನೊಬ್ಬ ಸೀರೆಸೆರಗು ಬಿಗಿಯಿರಿ ಎಂದು ಕೂಗಿದ, ಮಸ್ತಾನಸಾಬ್ ಆ ವಯಸ್ಸಿನಲ್ಲೂ ಜಿಗಿದು ಮೇನ್ ಸ್ವಿಚ್ಚು ಕೆಳಗೆಳೆದ. ಭಟ್ಟಿ ಕತ್ತಲಾಯಿತು. ಸದ್ದು ನಿಂತಿತು.

ಕತ್ತಲಲ್ಲಿ ನುಜತ್‌ಳ ದನಿ ಅಜ್ಜನನ್ನು ಕರೆಯಿತು. "ದಾದಾ... ಅದು ಹಾಡು."

"ಹಾಡಾ?"

"ಹ್ಞೂಂ ದಾದಾ. ಹಾಡೇ ಹಂಗೈತೆ."

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಲೈಟು ಬಂದಾಗ ವಕೀಲ ನಿಂಗಪ್ಪ ಕಣ್ಣೀರು ಒರೆಸಿಕೊಳ್ಳುತ್ತಿದ್ದ. ಗಿರಿಯಮ್ಮನಿಗೆ ವಿಷಯ ಗೊತ್ತಾದದ್ದು ಮಸ್ತಾನಸಾಬ್ ಕೈಮಾತಿನಲ್ಲಿ ಹೇಳಿದ ಮೇಲೆಯೇ. ಅವಳೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮತ್ತೆ ಶುರು ಮಾಡಿಸಿದರು. ಈ ಸಲ ಯಾರೂ ಏಳಲಿಲ್ಲ. ಹಾಡು ನಡೆಯಿತು, ಎತ್ತರದ ಆಳು ಭಾರ ಹೊತ್ತು ನಡೆದಂತೆ. ಗಿರಿಯಮ್ಮ ಅಂಗೈ ತೆಗೆಯಲಿಲ್ಲ.

ಮುಗಿದ ಮೇಲೆ ಬಳಗದ ಪದ್ಧತಿಯಂತೆ ಒಬ್ಬೊಬ್ಬರಾಗಿ ಮಾತಾಡಿದರು. ಆ ಬಳಗಕ್ಕೆ ಇದ್ದದ್ದು ಒಂದೇ ಕಾನೂನು: ತಲೆಯಾಡಿಸುವ ಹಾಗಿಲ್ಲ, ಬಾಯಿ ಬಿಟ್ಟು ಹೇಳಬೇಕು. ಪುಸ್ತಕ ಓದದೆ ಬಂದವರು ಹಿಂದೆ ಕೂತು ಗಂಭೀರವಾಗಿ ತಲೆಯಾಡಿಸುವುದು ಜಾಸ್ತಿಯಾದಾಗ ಮಾಡಿದ ಕಾನೂನು ಅದು. ಸರದಿ ಗಿರಿಯಮ್ಮನಿಗೆ ಬಂತು. ನುಜತ್ ಏನೋ ಕೇಳಿದಳು. ಗಿರಿಯಮ್ಮ ತಲೆಯಾಡಿಸಿದಳು.

ನುಜತ್ ಎದುರು ಬಂದು ಮಂಡಿಯೂರಿ ಕೂತಳು. ದನಿ ಇಳಿಸಿ, ದಪ್ಪ ಮಾಡಿ ಹೇಳಿದಳು. "ಅಜ್ಜಿ, ತಲೆ ಬ್ಯಾಡ. ಬಾಯಿ. ಹೆಂಗಿತ್ತು?"

ಆಮೇಲೆ ಎಲ್ಲರೂ ಕಾದರು. ಯಾರೂ "ಹೋಗ್ಲಿ ಬಿಡು" ಅನ್ನಲಿಲ್ಲ. ಹಾಗೆ ಒಂದು ಕೋಣೆ ತುಂಬ ಜನ ತನ್ನ ಮಾತಿಗೆ ಕಾದದ್ದು ಗಿರಿಯಮ್ಮನಿಗೆ ನೆನಪಿರಲಿಲ್ಲ.

"ಚಲೋ ಐತೆ ಅಂತ ಸುಳ್ಳು ಹೇಳಲ್ಲ" ಎಂದಳು. "ದೆವ್ವ ಮೈ ಮುರಿದಂಗೆ ಐತೆ. ಆದ್ರ... ಕೇಳಿಸ್ತು."

ನುಜತ್‌ಳ ಕಣ್ಣು ಅರಳಿತು. ಆಕೆ ಯಂತ್ರದ ಗುಂಡಿ ತಿರುಗಿಸಿ ಬರೀ ಒಂದು ಸದ್ದು ಬಿಟ್ಟಳು, ಕೇಳಿಸಿದವರು ಕೈ ಎತ್ತಿ ಎಂದಳು. ಮೇಲಿನ ದನಿಗೆ ಬಳಗದ ಮಂದಿ ಕಿವಿ ಮುಚ್ಚಿಕೊಂಡರು. ಮಿಲ್ಲಿನ ಮಂದಿ ಬಸ್ಸು ಕಾಯುವವರಂತೆ ಕೂತಿದ್ದರು. ಕೆಳಗೆ, ಕೆಳಗೆ ಇಳಿಸುತ್ತ ಬಂದಂತೆ ಒಂದೊಂದೇ ಮುದಿ ಕೈ ಮೇಲೆದ್ದಿತು. ತೀರಾ ತಳಕ್ಕೆ ಬಂದಾಗ ಮಿಲ್ಲಿನವರ ಕೈಯೆಲ್ಲ ಮೇಲೆ, ಹಳೇ ಮುಷ್ಕರದ ಮತದಾನದಂತೆ.

"ಶಬ್ದ ಮೊದಲು ತಿನ್ನೋದು ಮೇಲಿನ ದನಿ. ಮಗ್ಗ ನಿಮ್ಮದನ್ನ ತಿಂದೇತೆ" ಎಂದಳು ನುಜತ್, ಅದೇ ದಪ್ಪ ದನಿಯಲ್ಲಿ. "ಕೆಳಗಿಂದು ಬಿಟ್ಟೇತೆ. ಈ ಸಂಗೀತ ಇರೋದೇ ಅಲ್ಲಿ."

"ಡಾಕ್ಟ್ರು ವಯಸ್ಸು ಅಂತ ಬರೆದಿದ್ರಲ್ಲೇ?" ಎಂದು ಗಿರಿಯಮ್ಮ ಕೇಳಿದಳು.

"ಎಷ್ಟಾಗಿತ್ತು ಅಜ್ಜಿ ಆಗ?"

"ಮೂವತ್ತೆಂಟು" ಎಂದಳು ಗಿರಿಯಮ್ಮ. ಆ ಸಂಖ್ಯೆಯನ್ನು ಅವಳು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಅಲ್ಲಿಂದ ಭಾನುವಾರಗಳು ಅವಳವಾದವು. ಅಂಡರ್‌ಗ್ರೌಂಡ್ ಬ್ಯಾಂಡ್ ಅಂದರೇನೆಂದು ಯಾರೋ ಕೇಳಿದಾಗ ನುಜತ್, "ಇವರನ್ನ ಕಂಪನಿಯೋರು ಹಾಕ್ಕಣಲ್ಲ, ರೇಡಿಯೋದಾಗ ಬರಲ್ಲ. ತಾವೇ ರೆಕಾರ್ಡ್ ಮಾಡಿ, ತಾವೇ ಕ್ಯಾಸೆಟ್ ತುಂಬಿ, ಕೈಯಿಂದ ಕೈಗೆ ದಾಟಸ್ತಾರೆ" ಎಂದಳು. "ಹಂಗಾರ ಸ್ಟ್ರೈಕಿನ ಕರಪತ್ರ ಇದ್ದಂಗೆ" ಎಂದ ಮಸ್ತಾನಸಾಬ್, "ನಾವು ರೊಟ್ಟಿ ಬುತ್ತಿ ತಳದಾಗ ಇಟ್ಟು ದಾಟಸ್ತಿದ್ವಿ." ಇನ್ನೊಂದು ವಾರ ಆಕೆ ಇಂಗ್ಲೆಂಡಿನ ಒಂದು ಕಬ್ಬಿಣದ ಊರಿನ ಕಥೆ ಹೇಳಿದಳು. ಹರಿಹರದಂಥ ಊರಂತೆ. ಅಲ್ಲಿ ಕಾರ್ಖಾನೆಯ ಹುಡುಗನೊಬ್ಬನ ಬೆರಳ ತುದಿ ಯಂತ್ರಕ್ಕೆ ಹೋಯಿತಂತೆ. ಗಿಟಾರಿನ ತಂತಿ ಒತ್ತಿದರೆ ನೋವು, ಅದಕ್ಕೇ ತಂತಿ ಸಡಿಲ ಮಾಡಿಕೊಂಡ. ಸಡಿಲಾದ ತಂತಿ ಈ ತಳದ ದನಿ ಕೊಟ್ಟಿತು.

"ಪರಿಹಾರ ಕೊಟ್ರಂತಾ?" ಎಂದ ಮಸ್ತಾನಸಾಬ್.

"ಗೊತ್ತಿಲ್ಲ ದಾದಾ."

"ಕೊಟ್ಟಿರಲ್ಲ ಬಿಡು. ಮುಂದಿನ ಹಾಡು ಹಾಕು."

ಮನೆಯಲ್ಲೂ ಬದಲಾವಣೆ ಕಂಡಿತು. ಒಂದು ದಿನ ಲಕ್ಷ್ಮೀದೇವಿ ನುಗ್ಗೆಸೊಪ್ಪಿನ ಬಟ್ಟಲು ಮುಂದಿಟ್ಟು ಏನೋ ಕೇಳಿದಾಗ ಗಿರಿಯಮ್ಮನ ಕತ್ತು ಅಲ್ಲಾಡಲಿಲ್ಲ. "ಇನ್ನೊಂದು ಸಲ ಹೇಳವ್ವ. ದಪ್ಪ ದನೀಲಿ ಹೇಳು, ಗಂಡಸರಂಗೆ" ಎಂದಳು. ಸೊಸೆ ಗಂಟಲು ಸರಿಮಾಡಿಕೊಂಡು, ನಾಟಕದ ರಾವಣನಂತೆ ಗುಡುಗಿದಳು. "ಅತ್ತೇ! ಇನ್ನೊಂಚೂರು ಸೊಪ್ಪು ಹಾಕಲೇನು?"

"ಬ್ಯಾಡ! ನಂಗೆ ಅದು ಸೇರಂಗಿಲ್ಲ!"

ಸೊಸೆ ಸೌಟು ಹಿಡಿದೇ ನಿಂತುಬಿಟ್ಟಳು. "ಅಯ್ಯ, ಇಷ್ಟು ವರ್ಷ ಮತ್ತೆ?" ಆಮೇಲೆ ಇಬ್ಬರೂ ಎಷ್ಟು ನಕ್ಕರೆಂದರೆ ಪಕ್ಕದ ಮನೆಯವರು ಬಂದು ಇಣುಕಿದರು. ಮರುದಿನ ಫ್ರಿಜ್ಜು ನಡುಮನೆಗೆ ಹೋಯಿತು, ಮಂಚ ಕಿಟಕಿಗೆ ಬಂತು. ಲಕ್ಷ್ಮೀದೇವಿಯ ರಾವಣ ದನಿ ಓಣಿಯಲ್ಲಿ ಪ್ರಸಿದ್ಧವಾಗಿ, ತರಕಾರಿ ಗಾಡಿಯವನು ಬೆಲೆ ಇಳಿಸತೊಡಗಿದ.

ಆದರೆ ಭಟ್ಟಿ ಕೈತಪ್ಪಿತು. 'ಮೂರನೇ ಪಾಳಿ' ಒಂದು ಭಾನುವಾರ ಅಲ್ಲೇ ಬಂದು ಬಾರಿಸಿದಾಗ ತಳದ ದನಿಗೆ ಚಾವಣಿಯ ಮಸಿ ಕಳಚಿ ಎಲ್ಲರ ತಲೆಯ ಮೇಲೆ ಸುರಿಯಿತು. ಕೆಳಗಿದ್ದ ಮಂಡಕ್ಕಿ ರಾಶಿಯೂ ಕಪ್ಪಾಯಿತು. "ಮಂಡಕ್ಕಿ ಬೆಳ್ಳಗಿದ್ರೇ ಕೊಳ್ಳಲ್ಲ ಜನ, ಎಳ್ಳಿನಂಗಾದ್ರೆ ಯಾರ್ ಕೊಳ್ತಾರ್ರೀ!" ಎಂದು ಭಟ್ಟಿಯ ಖಾಜಾ ಹುಸೇನ್ ಕೈಮುಗಿದ. ಬೇರೆ ಜಾಗ ಹುಡುಕಿ ಹುಡುಕಿ ಕಡೆಗೆ ಸಿಕ್ಕಿದ್ದು ಹರಿಹರದ ಹಳೇ ಕಾರ್ಮಿಕರ ಭವನ. ಒಂದು ಕಾಲಕ್ಕೆ ಕಾರ್ಮಿಕರೇ ಕಲ್ಲು ಹೊತ್ತು ಕಟ್ಟಿದ ಗೋಡೆಗಳು; ಈಗ ಬೀಗದ ಕೈ ಗಿರಿಯಮ್ಮನ ಮಿಲ್ಲಿನ ಧಣಿಗಳ ಮನೆತನದ ಟ್ರಸ್ಟಿನ ಹತ್ತಿರ. ಟ್ರಸ್ಟಿನ ಕಾರ್ಯದರ್ಶಿ ಅದೇ ಟೈಮ್‌ಕೀಪರ್ ನಾಗಭೂಷಣ್. ಹಿರಿಯ ಕಾರ್ಮಿಕರ ಸಂಗೀತ ಕೂಟ ಎಂದಾಗ ಅವನು ಭಜನೆಯೆಂದು ಭಾವಿಸಿ ಒಪ್ಪಿದ.

"ಅಲ್ಲಿ ಗೋಡೆ ದಪ್ಪ ಐತೆ ಅಜ್ಜಿ, ಅಕ್ಕಪಕ್ಕ ಮನೆ ಇಲ್ಲ" ಎಂದಳು ನುಜತ್ ಬಸ್ಸಿನಲ್ಲಿ. "ಈ ಜಾಗನೂ ಹೋದ್ರೆ ನಮಗೆ ಬೇರೆ ಗತಿ ಇಲ್ಲ."

ಆ ಭಾನುವಾರ ಬೆಳಿಗ್ಗೆ ಭವನ ತುಂಬಿತು. ದಾವಣಗೆರೆಯಿಂದ ಬಳಗ, ಮಾಯಕೊಂಡದಿಂದ ರಂಗವ್ವ ಎಂಬ ಹಳೇ ನೂಲುಗಾರ್ತಿ, ಹರಿಹರದ ಗ್ಯಾರೇಜು ಹುಡುಗರು, ಸದ್ದು ಕೇಳಿ ಸಂತೆಚೀಲದೊಂದಿಗೇ ಒಳಬಂದ ಹೆಂಗಸರು. ಮೇನ್ ಸ್ವಿಚ್ಚಿನ ಪಕ್ಕದ ಕುರ್ಚಿಯನ್ನು ಗಿರಿಯಮ್ಮನಿಗೆ ಬಿಟ್ಟಿದ್ದರು. "ಬೇರಿಂಗ್ ಹೋದ್ರೆ ನೀವೇ ಬಂದ್ ಮಾಡ್ಬೇಕು ಅಜ್ಜಿ, ಬೇರೆ ಯಾರೂ ಮುಟ್ಟಂಗಿಲ್ಲ" ಎಂದು ಸಿದ್ದು ಕಣ್ಣು ಹೊಡೆದಿದ್ದ.

ಅಸದ್ ಎಂಬುವನು ಡ್ರಮ್ಮಿಗೆ ಒಂದು ಏಟು ಕೊಟ್ಟ. ಬಹಳ ಹೊತ್ತಿನ ಮೇಲೆ ಇನ್ನೊಂದು. ನಡುವೆ ನುಜತ್‌ಳ ಬೇಸು ಎದ್ದಿತು. ನೆಲ, ಕುರ್ಚಿ, ಗಿರಿಯಮ್ಮನ ಪಕ್ಕೆಲುಬು ಮೂರೂ ಒಂದೇ ಆದವು. ಸಿದ್ದು ಮಿಲ್ಲಿನ ಸೈರನ್ನಿನಂತೆ ದನಿ ತೆಗೆದ. ಆ ಗದ್ದಲದಲ್ಲಿ ಎಳೆಯರಿಗೆ ಒಬ್ಬರ ಮಾತು ಒಬ್ಬರಿಗೆ ಕೇಳದೆ ಪೇಚಾಡುತ್ತಿದ್ದರೆ, ಮಿಲ್ಲಿನವರು ಆರಾಮಾಗಿ ಕೈಯಲ್ಲೇ ಹರಟುತ್ತಿದ್ದರು. ಮಸ್ತಾನಸಾಬ್ ವೇದಿಕೆಯ ಬಳಿಯಿಂದಲೇ ಬಾಗಿಲಲ್ಲಿದ್ದ ರಂಗವ್ವನಿಗೆ ಮಿರ್ಚಿ ತರಿಸಲು ಹೇಳಿದ. ರಂಗವ್ವ ಖಾರ ಎಷ್ಟು ಎಂದು ಕೇಳಿದಳು. ಗ್ಯಾರೇಜಿನ ಹುಡುಗರು ಇದನ್ನು ಬಾಯಿ ಬಿಟ್ಟು ನೋಡಿ, ಕಲಿಸಿಕೊಡಿ ಎಂದು ಗಂಟುಬಿದ್ದರು.

ಕೊನೆಯ ಹಾಡಿನ ನಡುವೆ ಮಿಲ್ಲಿನವರೆಲ್ಲ ಒಮ್ಮೆಲೇ ಮಣಿಕಟ್ಟು ತಟ್ಟಿ ಮೂಗು ಹಿಡಿದರು. ಬಾಗಿಲಲ್ಲಿ ನಾಗಭೂಷಣ್. ಗಾಬರಿಯಲ್ಲೂ ಅವನು ಮರ್ಯಾದೆ ಬಿಡದೆ ತಾನೂ ಮಣಿಕಟ್ಟು ತಟ್ಟಿ ಮೂಗು ಹಿಡಿದ. ಆಮೇಲೆ ನೇರ ಸ್ವಿಚ್ಚಿನ ಕಡೆ ಬಂದ. ಗಿರಿಯಮ್ಮನ ಕುರ್ಚಿ ಅಡ್ಡವಿತ್ತು.

"ಏ ಗಿರಿಯಮ್ಮ, ಇದೇನ್ ಭಜನೆನಾ—"

ಬೇಸು ಬಿತ್ತು. ಅವನ ಉಳಿದ ಮಾತು ನೆಲಕ್ಕೆ ಹೋಯಿತು. ಅದು ಸಾಯುವ ತನಕ ಅವನೂ ಕಾಯಬೇಕಾಯಿತು.

"—ಬಂದ್ ಮಾಡು ಮೊದ್ಲು! ಸಣ್ ಧಣಿ ಬಂದಾರೆ, ಕಾರಿನಾಗ—"

ಮತ್ತೆ ಬೇಸು. ಗಿರಿಯಮ್ಮ ಅವನ ತುಟಿ ನೋಡುತ್ತಿದ್ದಳು. ನಾಗಭೂಷಣನದು ಮೊದಲಿನಿಂದಲೂ ದಪ್ಪ ಗಂಟಲು. ಸಂದು ಸಿಕ್ಕಾಗೆಲ್ಲ ಒಂದಕ್ಷರವೂ ಬಿಡದೆ ಅವಳಿಗೆ ಮುಟ್ಟುತ್ತಿತ್ತು.

"ಹಳಬರಿಗೆಲ್ಲ ಶಾಲು ಹೊದಿಸ್ತಾರೆ. ಫೋಟೋದವ್ರು ಬಂದಾರೆ. ನೀನೇ ಹಿರೇಳು, ಮುಂದ ಬಾ. ಮಿಲ್ಲಿನಾಗ ನಿಮ್ಮನ್ನ ಚೆಂದಾಗಿ ನೋಡ್ಕಂಡ್ವಿ ಅಲ್ವಾ, ಅಂತ ಧಣೇರು ಕೇಳ್ತಾರೆ. ನಿಂಗೆಲ್ಲಿ ಕೇಳಿಸ್ತೇತೆ ಬಿಡು... ಸುಮ್ಕ ತಲೆ ಆಡಸು. ಅಷ್ಟೇ ಸಾಕು. ಇನ್ಮೇಲೆ ಈ ಗದ್ದಲ ಇಲ್ಲಿ ನಡಿಯಂಗಿಲ್ಲ. ತಲೆ ಆಡಿಸಿದ್ರೆ ನೋಡಣ, ತಿಂಗಳಿಗೊಂದ್ಸಲ ಬೀಗ ತೆಗೆಸ್ತೀನಿ."

ಹೇಗೆ ಆಡಿಸಬೇಕೆಂದು ತಾನೇ ಎರಡು ಸಲ ತಲೆಯಾಡಿಸಿ ತೋರಿಸಿದ.

ವೇದಿಕೆಯ ಮೇಲೆ ನುಜತ್‌ಳ ಕೈ ತಂತಿಯ ಮೇಲೆ ಹಗುರಾಯಿತು. ಆಕೆಗೆ ಮಾತು ಕೇಳಿಸಿರಲಿಲ್ಲ, ಆದರೆ ವಿಷಯ ಬೀಗದ ಕೈಯದೆಂದು ಅರ್ಥವಾಗಿತ್ತು. ನಿಲ್ಲಿಸಲಾ ಎಂದು ಕಣ್ಣಲ್ಲೇ ಕೇಳಿದಳು. ಮಿಲ್ಲಿನವರೆಲ್ಲ ತಿರುಗಿ ಗಿರಿಯಮ್ಮನನ್ನು ನೋಡಿದರು. ಬಾಗಿಲಾಚೆ ಬಿಳಿ ಕಾರಿನ ಬಾಗಿಲು ತೆರೆದು, ಶಾಲುಗಳ ಕಟ್ಟು ಇಳಿಯುತ್ತಿತ್ತು.

ಗಿರಿಯಮ್ಮನ ಕತ್ತು ಹಳೇ ರೂಢಿಯಂತೆ ಒಂದಿಷ್ಟು ಮುಂದಕ್ಕೆ ಬಾಗಿತು. ಅದನ್ನು ಅವಳೇ ಹಿಡಿದು ನಿಲ್ಲಿಸಿದಳು. ಕೇಳಿಸದವಳಂತೆ ತಲೆಯಾಡಿಸಿಬಿಡುವುದು ಸುಲಭವಿತ್ತು. ಅವನು ನಂಬುತ್ತಿದ್ದ, ಜಾಗವೂ ಉಳಿಯುತ್ತಿತ್ತೋ ಏನೋ. ಅವಳು ಬೇಸಿನ ದನಿ ಪೂರಾ ಸಾಯುವ ತನಕ ಕಾದಳು.

"ಕೇಳಿಸ್ತು ನಾಗಭೂಷಣಪ್ಪ" ಎಂದಳು, ಇಡೀ ಭವನಕ್ಕೆ ಮುಟ್ಟುವಂತೆ. "ಎಲ್ಲಾ ಕೇಳಿಸ್ತು. ತಲೆ ಆಡಸಲ್ಲ."

ಅವನು ಸ್ವಿಚ್ಚಿಗೆ ಕೈ ಚಾಚಿದ. ಅವಳು ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಜರುಗಿಸಿ, ಬೆನ್ನನ್ನು ಸ್ವಿಚ್ಚಿನ ಹಲಗೆಗೆ ಆನಿಸಿ ಕೂತಳು. ತೋರುಬೆರಳನ್ನು ತಲೆಯ ಮೇಲೆತ್ತಿ ಗಾಳಿಯಲ್ಲಿ ಸುತ್ತಿಸಿದಳು.

"ದಾರ ಕಡಿದಿಲ್ಲ" ಎಂದಳು. "ಬಂದ್ ಮಾಡಲ್ಲ."